ರೇಡಿಯೇಟರ್ ಮೇಲೆ ಮೊದ್ಲು ಕೈ ಇಟ್ಟು ನೋಡಿ

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಸೆಂಟ್ರಲ್ ಹೀಟಿಂಗ್ ಪೈಪ್ ಕಟ್ಕೊಂಡ್ರೆ ಏನ್ ಮಾಡ್ಬೇಕು ಅಂತ ಹೇಳೋಕೆ ನನ್ನ ಈ ಸ್ಟುಡಿಯೋಗೆ ಕರೆದಿದಾರೆ. ಬಾಯ್ಲರ್ ನೀರು ಕಾಯಿಸುತ್ತೆ, ಆ ಬಿಸಿನೀರು ಪೈಪಲ್ಲಿ ಹೋಗಿ ಗೋಡೆಗಿರೋ ರೇಡಿಯೇಟರ್ ಬಿಸಿ ಮಾಡಿ ರೂಮು ಬೆಚ್ಚಗಿಡುತ್ತೆ, ಅದೇ ಸೆಂಟ್ರಲ್ ಹೀಟಿಂಗ್. ನಾನು ಇದೇ ಕೆಲ್ಸ ಮಾಡೋನು, ಅಕ್ಟೋಬರ್ ಬಂತು ಅಂದ್ರೆ ಫೋನ್ ಸುಮ್ನಿರಲ್ಲ, ಎಲ್ರೂ ಕೇಳೋದು ಒಂದೇ, "ಸರ್, ಬಾಯ್ಲರ್ ಹೋಯ್ತು ಅನ್ಸುತ್ತೆ, ಹೊಸದು ಹಾಕಿಸ್ಬೇಕಾ?" ನಾನು ತಿರುಗಿ ಕೇಳೋದೂ ಒಂದೇ. ರೇಡಿಯೇಟರ್ ಮೇಲೆ ಕೈ ಇಟ್ಟು ನೋಡಿದ್ರಾ? ಯಾರೂ ನೋಡಿರಲ್ಲ!

ಹೀಟಿಂಗ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಆಮೇಲೆ ಹುಷಾರಾಗಿ ಮೇಲ್ಗಡೆ ಮುಟ್ಟಿ, ಕೆಳಗಡೆ ಮುಟ್ಟಿ. ಮೇಲೆ ತಣ್ಣಗಿದ್ದು ಕೆಳಗೆ ಬಿಸಿ ಇದ್ರೆ ಗಾಳಿ ಸೇರ್ಕೊಂಡಿದೆ. ಮೇಲೆ ಬಿಸಿ ಇದ್ದು ಕೆಳಗೆ ತಣ್ಣಗಿದ್ರೆ ಕೆಸರು ಕೂತಿದೆ. ಗಾಳಿ ಆದ್ರೆ ಹೀಟಿಂಗ್ ಆಫ್ ಮಾಡಿ, ಆರಿದ ಮೇಲೆ ರೇಡಿಯೇಟರ್ ಮೇಲ್ತುದಿಯಲ್ಲಿರೋ ಗಾಳಿ ಬಿಡೋ ತಿರುಪಿಗೆ ಪುಟ್ಟ ಕೀ ಹಾಕಿ ತಿರುಗಿಸಿ, ಬುಸ್ ಅಂತ ಗಾಳಿ ಹೋಗಿ ನೀರು ಬಂದ ತಕ್ಷಣ ಮುಚ್ಚಿ, ಬಾಯ್ಲರ್ ಪ್ರೆಶರ್ 1ರಿಂದ 1.5 ಬಾರ್ ಒಳಗಿದೆಯಾ ನೋಡಿ, ಮುಗೀತು. ಕೆಸರಿಗೆ ಮಾತ್ರ ಆ ಕೀ ತಿರುಗಿಸಿ ತಿರುಗಿಸಿ ಏನೂ ಪ್ರಯೋಜನ ಇಲ್ಲ.

ಈ ಕೆಸರು ಹೊರಗಿಂದ ಬಂದಿದ್ದಲ್ಲ. ರೇಡಿಯೇಟರ್ ಉಕ್ಕಿಂದು, ನೀರಲ್ಲಿರೋ ಆಕ್ಸಿಜನ್‌ಗೆ ಒಳಗೊಳಗೇ ತುಕ್ಕು ಹಿಡಿಯುತ್ತೆ, ಅದೇ ಕಪ್ಪು ಪುಡಿಯಾಗಿ ತಳಕ್ಕೆ ಇಳಿಯುತ್ತೆ. 1970-80ರ ಕಾಲದ ಮನೆ ತಗೊಂಡೋರು ಕೇಳಿಸ್ಕೊಳ್ಳಿ, ಅಂಥ ಎಷ್ಟೋ ಮನೆಗಳಲ್ಲಿ 8 ಅಥವಾ 10 ಎಂಎಂ ಸಪೂರ ತಾಮ್ರದ ಪೈಪ್ ಹಾಕಿರ್ತಾರೆ, ಅದು ಬೇಗ ಕಟ್ಕೊಳ್ಳುತ್ತೆ.

ಲಂಡನ್ ಹತ್ರದ ಸ್ಲೌನಲ್ಲಿ ಒಂದು ಮನೆ. ಮಗಳ ಬಾಣಂತನಕ್ಕೆ ಅಂತ ಹಾಸನದಿಂದ ತಾಯಿ ಬಂದಿದಾರೆ, ಎಳೇ ಕೂಸು, ರೂಮು ಐಸ್ ಥರ. ಅಳಿಯ ಪಾಪ ಥರ್ಮೋಸ್ಟಾಟ್ ಏರಿಸ್ತಾನೇ ಇದಾರೆ, ಪ್ರೆಶರ್ ಇಳೀತು ಅಂತ ಎರಡು ದಿನಕ್ಕೊಂದ್ಸಲ ನೀರು ತುಂಬಿಸ್ತಿದಾರೆ, ಹಳೇ ಬಾಯ್ಲರ್ ಕಿತ್ತು ಹಾಕಿ ಅಂತ ಯಾರೋ ಕೊಟೇಶನ್ ಬೇರೆ ಕೊಟ್ಟು ಹೋಗಿದಾರೆ. ನಾನು ಹೋಗಿ ಕೈ ಇಡೋಷ್ಟರಲ್ಲಿ ಆ ಅಮ್ಮ ಅಂದ್ರು, "ಅಲ್ಲಪ್ಪಾ, ಕೂಸಿನ ಬಟ್ಟೆ ಇದ್ರ ಮೇಲೆ ಹರವಿದ್ರೆ ಮೇಲರ್ಧ ಗರಿಗರಿ ಒಣಗುತ್ತೆ, ಕೆಳಗಿನ ಅಂಚು ಹಸಿ ಹಸಿ ಹಂಗೇ ಇರುತ್ತೆ, ಬಂದಾಗಿಂದ ಹೇಳ್ತಿದೀನಿ." ನೋಡಿ! ಅಷ್ಟೇ ಬೇಕಾಗಿದ್ದಿದ್ದು. ಮೇಲೆ ಬಿಸಿ, ಕೆಳಗೆ ತಣ್ಣಗೆ, ಕೆಸರು.

ರೇಡಿಯೇಟರ್‌ನ ಎರಡೂ ಕಡೆ ವಾಲ್ವ್ ನಾನು ಮುಚ್ಚಿದೆ. ಕ್ಯಾಪ್ ಇರೋ ಕಡೆ ವಾಲ್ವನ್ನ ಎಷ್ಟು ಸುತ್ತು ಮುಚ್ತೀವೋ ಎಣಿಸ್ಕೋಬೇಕು, ತೆಗೆಯುವಾಗ ಅಷ್ಟೇ ತೆಗೀಬೇಕು, ಇಲ್ಲಾಂದ್ರೆ ಬೇರೆ ರೂಮ್‌ಗಳಿಗೆ ಹೋಗೋ ಬಿಸಿನೀರಿನ ಲೆಕ್ಕ ತಪ್ಪುತ್ತೆ. ಕೆಳಗೆ ಟ್ರೇ, ಹಳೇ ಟವೆಲ್ ಹಾಕಿ ಬಿಚ್ಚಿ, ಅಳಿಯನೂ ನಾನೂ ಹಿತ್ತಿಲಿಗೆ ಹೊತ್ಕೊಂಡು ಹೋಗಿ ಹೋಸ್ ಪೈಪ್ ಬಿಟ್ರೆ ಮಸಿ ಕದಡಿದಂಗೆ ನೀರು ಬರ್ತಾನೇ ಇದೆ. ಫ್ರಿಜ್ ಮೇಲಿದ್ದ ಆಯಸ್ಕಾಂತ ತರಿಸಿ ಬಕೆಟ್‌ಗೆ ಹೊರಗಿಂದ ಹಿಡಿದೆ, ಒಳಗಿನ ಕಪ್ಪೆಲ್ಲಾ ಬಂದು ಅಲ್ಲೇ ಅಂಟ್ಕೊಂತು. ಅದು ಕೊಳೆ ಅಲ್ಲ ಸ್ವಾಮಿ, ನಿಮ್ಮ ರೇಡಿಯೇಟರ್‌ದೇ ಕಬ್ಬಿಣ! ಪ್ರೆಶರ್ ಇಳೀತಿದ್ದಿದ್ದು ಹಾಲ್‌ನ ಒಂದು ವಾಲ್ವ್ ನಟ್ ತೊಟ್ಟಿಕ್ತಿದ್ದಕ್ಕೆ, ಅದನ್ನ ಬಿಟ್ಟು ಹೊಸ ನೀರು ತುಂಬ್ತಾ ಇದ್ರೆ ಪ್ರತಿ ಸಲ ಹೊಸ ಆಕ್ಸಿಜನ್, ಹೊಸ ತುಕ್ಕು. ನಟ್ ಬಿಗಿ ಮಾಡಿ, ನೀರಿಗೆ ಇನ್‌ಹಿಬಿಟರ್ ಒಂದು ಬಾಟ್ಲಿ ಸೇರಿಸಿದೆ. ತುಕ್ಕು ತಡೆಯೋ ದ್ರಾವಣ ಅದು, ಎಲ್ಲಾ ಮನೆಯಲ್ಲೂ ಇರ್ಲೇಬೇಕು. ಬಾಯ್ಲರ್ ಏನೂ ಆಗಿರ್ಲಿಲ್ಲ.

ಟೈಮ್ ಆಗ್ತಿದೆ ಅಂತ ಗಾಜಿನಾಚೆಯಿಂದ ಸನ್ನೆ ಮಾಡ್ತಿದಾರೆ, ಬೇಗ ಬೇಗ ಹೇಳ್ತೀನಿ. ಮನೆ ರೇಡಿಯೇಟರ್ ಎಲ್ಲಾ ತಳದಲ್ಲಿ ತಣ್ಣಗಿದ್ರೆ ಒಂದೊಂದೇ ಬಿಚ್ತಾ ಕೂರ್ಬೇಡಿ, ಪವರ್ ಫ್ಲಶ್ ಮಾಡ್ಸಿ, ಅಂದ್ರೆ ಮೆಷಿನ್ ಹಾಕಿ ಜೋರಾಗಿ ನೀರು ಹರಿಸಿ ಎಲ್ಲಾ ಪೈಪ್, ರೇಡಿಯೇಟರ್ ಒಟ್ಟಿಗೆ ತೊಳೆಸೋದು, ಬಾಯ್ಲರ್‌ಗೆ ವಾಪಸ್ ಹೋಗೋ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್ ಹಾಕ್ಸಿ. ಒಂದೇ ಒಂದು ಪೂರ್ತಿ ತಣ್ಣಗಿದ್ರೆ, ಅದ್ರ ಪಕ್ಕದ ವಾಲ್ವ್ ಮೇಲೆ ನಂಬರ್ ಇರೋ ತಿರುಪು ಬಿಚ್ಚಿ ಒಳಗಿನ ಪಿನ್ ಮೆತ್ತಗೆ ಒತ್ತಿ ನೋಡಿ, ಬೇಸಿಗೆಯಲ್ಲಿ ಸುಮ್ನಿದ್ದು ಅಂಟ್ಕೊಂಡಿರುತ್ತೆ, ಇಕ್ಕಳ ಹಾಕಿ ಮಾತ್ರ ಎಳೀಬೇಡಿ. ಬಾಯ್ಲರ್ ಒಳಗಡೆ ಗ್ಯಾಸ್ ಕೆಲ್ಸಕ್ಕೆ ಗ್ಯಾಸ್ ಸೇಫ್ ಅನ್ನೋ ಇಲ್ಲಿನ ಅಧಿಕೃತ ಪಟ್ಟಿಯಲ್ಲಿ ಹೆಸರಿದ್ದು ಅದ್ರ ಕಾರ್ಡ್ ಇರೋರನ್ನೇ ಕರೀರಿ, ಕಾರ್ಡ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಹಿಮ ಬಿದ್ದ ಬೆಳಗ್ಗೆ ಬಾಯ್ಲರ್ ಗೊಳಗೊಳ ಅಂದು ನಿಂತ್ರೆ ಬಾಯ್ಲರ್ ಒಳಗೆ ಸೇರೋ ಹನಿನೀರನ್ನ ಹೊರಗೆ ಬಿಡೋಕೆ ಗೋಡೆ ಆಚೆ ಇರೋ ಪ್ಲಾಸ್ಟಿಕ್ ಪೈಪ್ ಹೆಪ್ಪುಗಟ್ಟಿರುತ್ತೆ, ಅದ್ರ ಮೇಲೆ ಉಗುರು ಬೆಚ್ಚಗಿನ ನೀರು ಹುಯ್ಯಿ, ಕುದಿಯೋದಲ್ಲ, ಆಮೇಲೆ ರೀಸೆಟ್ ಒತ್ತಿ. ನಮಸ್ಕಾರ.