ಎಲ್ಲಿ ಮುರಿಯಿತು, ನೋಡಿ

ಕೇಳುಗರಿಗೆ ನಮಸ್ಕಾರ.

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಹೇಗೆ? ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ ಸಿದ್ದಾಪುರದವರೆಗೆ, ಎಲ್ಲ ಅಮ್ಮಂದಿರಿಗೂ ಅಜ್ಜ ಅಜ್ಜಿಯರಿಗೂ ಇರುವ ಪ್ರಶ್ನೆ ಇದು. ಇವತ್ತು ಅವರಿಗಾಗಿಯೇ ಮಾತನಾಡುತ್ತೇನೆ. ಮಾಸ್ತರರು, ಅಕ್ಕೋರು ಕೇಳುತ್ತಿದ್ದರೆ ಅವರಿಗೂ ಸೇರಿ.

ವಿಷಯ ಎಂಜಿನಿಯರಿಂಗ್. ಗಾಬರಿಯಾಗಬೇಡಿ, ಸಿಇಟಿ ಮಾತಲ್ಲ. ಏಳೆಂಟು ವರ್ಷದ ಮಗು ಜಗಲಿಯಲ್ಲಿ ಕೂತು ಕಟ್ಟಬಹುದಾದ ಸಂಕದ, ಅಂದರೆ ಸಣ್ಣ ಸೇತುವೆಯ ಮಾತು. ನಾನು ಹೇಳುವುದು ಒಂದೇ: ಮಗು ಕಟ್ಟಿದ್ದನ್ನು ಶೋಕೇಸಿನಲ್ಲಿ ಇಡಬೇಡಿ. ಅದರ ಮೇಲೆ ಭಾರ ಹೇರಿ. ಮುರಿಯುವ ತನಕ ಹೇರಿ. ಆಮೇಲೆ ಎಲ್ಲಿ ಮುರಿಯಿತು ಅಂತ ಮಗುವಿನ ಜೊತೆ ಕೂತು ನೋಡಿ.

ಕಾಗದದಿಂದ ಶುರು ಮಾಡೋಣ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ-ಫೋರ್ ಹಾಳೆ ಒಂದು. ಪುಸ್ತಕಗಳನ್ನು ಪೇರಿಸಿ ಎರಡು ದಡ ಮಾಡಿ, ನಡುವೆ 20 ಸೆಂಟಿಮೀಟರ್ ಹಳ್ಳ. ಹಾಳೆಯನ್ನು ಉದ್ದಕ್ಕೆ ಹಾಸಿ, ಮಧ್ಯದಲ್ಲಿ ನಾಣ್ಯ ಇಡಿ. ಒಂದೆರಡಕ್ಕೇ ಕುಸಿಯುತ್ತದೆ. ಈಗ ಅದೇ ಹಾಳೆಯನ್ನು ಒಂದೂವರೆ ಸೆಂಟಿಮೀಟರ್ ಅಗಲದಲ್ಲಿ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ಮಡಚುತ್ತ ಹೋಗಿ. ಮಡಿಕೆಗಳು ದಡದಿಂದ ದಡಕ್ಕೆ ಓಡಬೇಕು. ಬಹಳ ಮಕ್ಕಳು ಅಡ್ಡ ಮಡಚುತ್ತಾರೆ, ಆಗ ಪ್ರತಿ ಮಡಿಕೆಯೂ ಬಾಗಿಲಿನ ತಿರುಗಣಿಯಂತೆ ಮಡಚಿಕೊಂಡು ಸಂಕ ಬೀಳುತ್ತದೆ. ಬೀಳಲಿ ಬಿಡಿ, ಮೊದಲೇ ಹೇಳಿಕೊಡಬೇಡಿ.

ಸರಿಯಾಗಿ ಮಡಚಿದ ಹಾಳೆಯ ಮೇಲೆ ರಟ್ಟಿನ ತುಂಡಿಟ್ಟು ನಾಣ್ಯ ಪೇರಿಸಿದರೆ ಹಿಡಿಗಟ್ಟಲೆ ಹೊರುತ್ತದೆ. ಕಾಗದ ಅದೇ, ತೂಕ ಅದೇ, ಎತ್ತರ ಮಾತ್ರ ಬಂತು. ಹೆಂಚಿನ ಮಾಡಿಗೆ ಪಕಾಸನ್ನು, ಅಂದರೆ ಹೆಂಚು ಹೊರುವ ಮರದ ಪಟ್ಟಿಯನ್ನು, ಅಗಲಕ್ಕೆ ಮಲಗಿಸದೆ ನಿಲ್ಲಿಸಿ ಹೊಡೆಯುವುದೂ ಇದಕ್ಕೇ. ಕೊನೆಗೆ ಇದೂ ಬೀಳುತ್ತದೆ. ಹೇಗೆ? ಹೆಚ್ಚಾಗಿ ಹರಿದಲ್ಲ. ಮಡಿಕೆಗಳು ಎರಡೂ ಪಕ್ಕಕ್ಕೆ ಹರಡಿ, ಹಾಳೆ ಮತ್ತೆ ಚಪ್ಪಟೆಯಾಗಿ ಬೀಳುತ್ತದೆ. ಅದನ್ನು ಕಣ್ಣಾರೆ ಕಂಡ ಮಗು ಮುಂದಿನ ಸಲ ಅಡಿಯಲ್ಲಿ ಅಡ್ಡಕ್ಕೆ ಎರಡು ಕಾಗದದ ಪಟ್ಟಿ ಅಂಟಿಸುತ್ತದೆ. ಯಾರೂ ಹೇಳಬೇಕಾಗಿಲ್ಲ.

ಎರಡನೆಯದು ಹಿಡಿಕಡ್ಡಿಯ, ಅಂದರೆ ತೆಂಗಿನ ಗರಿಯ ಕಡ್ಡಿಯ ಸೇತುವೆ. ಅದಕ್ಕೆ ಮೊದಲು ಐದು ನಿಮಿಷದ ಕೆಲಸ. ನಾಲ್ಕು ಕಡ್ಡಿಗಳನ್ನು ಚೌಕವಾಗಿಟ್ಟು ಮೂಲೆಗಳನ್ನು ದಾರದಲ್ಲಿ ಕಟ್ಟಿ, ಒತ್ತಿ: ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ ಕಟ್ಟಿ, ಒತ್ತಿ: ಆಕಾರ ಬಿಡುವುದಿಲ್ಲ. ಇಷ್ಟು ಗೊತ್ತಾದರೆ ಸಾಕು.

ತೆಂಗಿನ ಗರಿಯ ಒಣ ಕಡ್ಡಿಯ ಬುಡದ ಅರ್ಧ ಮಾತ್ರ ಬೇಕು, ತುದಿ ಸಪೂರ. ಮಳೆಗಾಲದಲ್ಲಿ ಕಡ್ಡಿ ತೇವ ಎಳೆದುಕೊಂಡು ಬಳುಕುತ್ತದೆ, ಎರಡು ದಿನ ಒಲೆಯ ಹತ್ತಿರ ಇಟ್ಟು ಒಣಗಿಸಿ. ಹಳೆಯ ಪೇಪರಿನ ಮೇಲೆ 40 ಸೆಂಟಿಮೀಟರ್ ಗೆರೆ ಎಳೆದು, ಹತ್ತು ಹತ್ತಕ್ಕೆ ಗುರುತು ಹಾಕಿ, ಐದು ಗುರುತಾಯಿತು. ಅದರಿಂದ ಒಂಬತ್ತು ಸೆಂಟಿಮೀಟರ್ ಮೇಲೆ 30ರ ಇನ್ನೊಂದು ಗೆರೆ, ಎಡಬಲ ಐದೈದು ಬಿಟ್ಟು. ಅದರಲ್ಲಿ ನಾಲ್ಕು ಗುರುತು. ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಓರೆ ಗೆರೆ ಎಳೆಯುತ್ತ ಹೋದರೆ ಎಂಟು ಓರೆಗಳು, ಸಾಲು ತ್ರಿಕೋನಗಳು.

ಪೇಪರಿನ ಮೇಲೆ ಪ್ಲಾಸ್ಟಿಕ್ ಹಾಸಿ, ಗೆರೆಯ ಮೇಲೇ ಕಡ್ಡಿ ಇಡಿ. ಕೆಳಗೆ 44ರ ಒಂದೇ ಉದ್ದ ಕಡ್ಡಿ, ಮೇಲೆ 34ರದ್ದು ಒಂದು, ಓರೆಗೆ 12ರ ಎಂಟು ತುಂಡು. ತುದಿಗಳು ಒಂದರ ಮೇಲೊಂದು ಒಂದು ಸೆಂಟಿಮೀಟರ್ ಕೂರಬೇಕು, ಇಲ್ಲದಿದ್ದರೆ ದಾರಕ್ಕೆ ಹಿಡಿತವಿಲ್ಲ. ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಮೇಲೊಂದು ಹನಿ ಫೆವಿಕಾಲ್. ರಾತ್ರಿಯಿಡೀ ಒಣಗಲಿ. ಇಂಥವೇ ಎರಡು ಪಕ್ಕ ಮಾಡಿ, ಎಂಟು ಸೆಂಟಿಮೀಟರಿನ ಒಂಬತ್ತು ಅಡ್ಡಕಡ್ಡಿಗಳಿಂದ ಜೋಡಿಸಿದರೆ ಸೇತುವೆ.

38 ಸೆಂಟಿಮೀಟರ್ ಅಂತರದಲ್ಲಿ ಎರಡು ಸ್ಟೂಲ್ ಇಟ್ಟು ಕೂರಿಸಿ. ನಡುವಿನ ಗುರುತಿನಿಂದ ಸಣ್ಣ ಬಕೆಟ್ ತೂಗುಬಿಡಿ, ನೆಲದಿಂದ ಎರಡು ಬೆರಳು ಮೇಲಿರಲಿ, ಬಿದ್ದರೂ ಕಾಲಿಗೆ ಏಟಾಗದು. ಹಗ್ಗವನ್ನು ಅಡ್ಡಕಡ್ಡಿಗೆ ಕಟ್ಟಬೇಡಿ, ಮೊದಲು ಅದೇ ಲಟಕ್ಕನೆ ಮುರಿಯುತ್ತದೆ. ಎರಡೂ ಪಕ್ಕದ ಗಂಟುಗಳಿಗೆ ಕಟ್ಟಿ. ಬಕೆಟ್ಟಿಗೆ ನೂರು ನೂರು ಮಿಲಿಲೀಟರ್ ನೀರು ಹಾಕಿ. ನೂರು ಮಿಲಿಲೀಟರ್ ಅಂದರೆ ನೂರು ಗ್ರಾಂ, ತಕ್ಕಡಿ ಬೇಡ. ಮಗು ಪ್ರತಿ ಲೋಟವನ್ನೂ ಬರೆದಿಡಲಿ.

ಮುರಿದಾಗ ನೋಡಿ. ಗಂಟು ಜಾರಿದ್ದರೆ ದಾರ ಸಡಿಲ. ಇಡೀ ಸೇತುವೆ ಒಂದು ಮಗ್ಗುಲಿಗೆ ವಾಲಿದ್ದರೆ ಮೇಲ್ಭಾಗದ ಚೌಕಗಳಿಗೆ ಓರೆಕಡ್ಡಿ ಇಲ್ಲ. ಮೇಲಿನ ಉದ್ದ ಕಡ್ಡಿ ಎರಡು ಗಂಟಿನ ನಡುವೆ ಬಿಲ್ಲಿನಂತೆ ಹೊರಬಾಗಿ ಮುರಿದಿದ್ದರೆ ಕಟ್ಟಿದ್ದು ಚೆನ್ನಾಗಿದೆ, ಶಾಬಾಸ್ ಅನ್ನಿ. ಭಾರ ಹೊತ್ತಾಗ ಮೇಲಿನ ಕಡ್ಡಿ ಅದುಮಲ್ಪಡುತ್ತದೆ, ಕೆಳಗಿನದು ಎಳೆಯಲ್ಪಡುತ್ತದೆ. ಸಪೂರ ವಸ್ತು ಎಳೆತ ತಡೆದೀತು, ಅದುಮಿದರೆ ಬಾಗುತ್ತದೆ. ಮೇಲಿನದನ್ನು ಮಾತ್ರ ಜೋಡಿಕಡ್ಡಿ ಮಾಡಿ, ಮತ್ತೆ ನೀರು ಹಾಕಿ.

ಇದು ಬರೀ ಮಕ್ಕಳಾಟ ಅನಿಸಿತೇ? ಹಾಗಾದರೆ ಬ್ರಿಟಾನಿಯಾ ಸೇತುವೆಯ ಕತೆ ಕೇಳಿ. 1840ರ ದಶಕ. ವೇಲ್ಸ್‌ನಲ್ಲಿ ಸಮುದ್ರದ ಕಾಲುವೆಯೊಂದನ್ನು ರೈಲು ದಾಟಬೇಕಿತ್ತು. ಹಡಗು ಓಡಾಡುವ ಜಾಗ, ಕಮಾನು ಕಟ್ಟುವಂತಿಲ್ಲ. ರಾಬರ್ಟ್ ಸ್ಟೀಫನ್‌ಸನ್ ಎಂಬ ಎಂಜಿನಿಯರ್ ಕಬ್ಬಿಣದ ತಗಡಿನ ದೊಡ್ಡ ಕೊಳವೆ ಮಾಡಿ, ಅದರ ಹೊಟ್ಟೆಯೊಳಗೇ ರೈಲು ಓಡಿಸೋಣ ಅಂದ. ಅಂಥದ್ದನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ, ನೋಡಿ ಕಲಿಯಲು ಇನ್ನೊಂದು ಇರಲಿಲ್ಲ. ವಿಲಿಯಂ ಫೇರ್‌ಬೇರ್ನ್ ಎಂಬ ಹಡಗು ಕಟ್ಟುವವನನ್ನು ಕರೆದರು. ಅವನು ಮಾಡಿದ್ದೇನು? ಸಣ್ಣ ಕೊಳವೆಗಳನ್ನು ಮಾಡಿಸಿ ಮುರಿದ. ದುಂಡಗಿನದು, ಮೊಟ್ಟೆಯಾಕಾರದ್ದು, ಚೌಕದ್ದು, ಎಲ್ಲವನ್ನೂ. ತಗಡು ಮೇಲ್ಭಾಗದಲ್ಲೇ ಮುದುಡುವುದು ಅವನಿಗೆ ಕಂಡಿತು. ನಮ್ಮ ಹಿಡಿಕಡ್ಡಿ ಹೇಳಿದ್ದನ್ನೇ ಕಬ್ಬಿಣವೂ ಹೇಳಿತು! ಮೇಲ್ಭಾಗ ಬಲಪಡಿಸಿದ. ಆಮೇಲೆ ಆರನೆಯ ಒಂದು ಅಳತೆಯಲ್ಲಿ, 75 ಅಡಿಯ ಮಾದರಿ ಕಟ್ಟಿ ಭಾರ ಹೇರಿದ. ಸುಮಾರು 35 ಟನ್ನಿಗೆ ಅಡಿಭಾಗ ಹರಿಯಿತು. ಎಸೆದನೇ? ಇಲ್ಲ. ಹರಿದಲ್ಲಿ ಮಾತ್ರ ಗಟ್ಟಿ ಮಾಡಿ ಮತ್ತೆ ಹೇರಿದ. ಮತ್ತೆ ಬೇರೆ ಕಡೆ ಸೋತಿತು, ಅಲ್ಲಿ ಗಟ್ಟಿ ಮಾಡಿದ. ಹೀಗೆ ಮಾಡುತ್ತ ಅದೇ ಮಾದರಿ ಕೊನೆಗೆ 86 ಟನ್ ಹೊತ್ತಿತು. 1850ರಲ್ಲಿ ಸೇತುವೆಯಲ್ಲಿ ರೈಲು ಓಡಿತು, ನೂರಿಪ್ಪತ್ತು ವರ್ಷ ಓಡಿತು. 1970ರಲ್ಲಿ ಬಾವಲಿ ಹುಡುಕಲು ಒಳಹೊಕ್ಕ ಹುಡುಗರ ದೀವಟಿಗೆಯ ಬೆಂಕಿ ತಗಲಿ ಕೆಟ್ಟಿತೇ ಹೊರತು ಭಾರಕ್ಕೆ ಸೋಲಲಿಲ್ಲ.

ಕತೆ ಉದ್ದವಾಯಿತು, ಒಳಗಿನಿಂದ ಕೈಸನ್ನೆ ಮಾಡುತ್ತಿದ್ದಾರೆ. ಬೇಗ ಮುಗಿಸುತ್ತೇನೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಕಾರವಾರದ ಮಕ್ಕಳೆಲ್ಲ 'ಯಾಕೆ ಬಿತ್ತು' ಅಂತ ಕೇಳಿರುತ್ತಾರೆ. 'ಹಳೇದಾಗಿತ್ತು' ಅಂದು ಬಾಯಿ ಮುಚ್ಚಿಸಬೇಡಿ. 'ಎಲ್ಲಿ ಮೊದಲು ಸೋತಿರಬಹುದು' ಅಂತ ತಿರುಗಿ ಕೇಳಿ.

ಇನ್ನು ವಿಜ್ಞಾನ ಪ್ರದರ್ಶನದ ಮಾತು. ಅಪ್ಪ ರಾತ್ರಿ ಕೂತು ಥರ್ಮಾಕೋಲ್ ಕೊರೆದು, ಹಸಿರು ಬಣ್ಣದ ಹೊಟ್ಟು ಉದುರಿಸಿ ಮಾಡಿದ ಅಣೆಕಟ್ಟಿಗೆ ಬಹುಮಾನ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಮುರಿದ ಸೇತುವೆಯನ್ನೂ ನೀರಿನ ಲೆಕ್ಕ ಬರೆದ ಚೀಟಿಯನ್ನೂ ಮೇಜಿನ ಮೇಲಿಟ್ಟ ಮಗುವಿಗೆ ಕೊಡಿ. ದುಬಾರಿ ಕಿಟ್ ಕೂಡ ಬೇಡ. ಎಲ್ಲವೂ ಅಚ್ಚುಕಟ್ಟಾಗಿ ಕೂರುವಂತೆ ಮಾಡಿ ಕಳಿಸಿದ್ದರಲ್ಲಿ ಮುರಿಯುವುದಕ್ಕೇನಿದೆ?

ಸೇತುವೆ ಸಾಕಾದವರು ಅಡಿಕೆ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಎರಡೂ ತುದಿ ಮಡಚಿ, ಕಡ್ಡಿ ಚುಚ್ಚಿ ದೋಣಿ ಮಾಡಿ. ಕೊಡಪಾನದಲ್ಲಲ್ಲ, ಅಗಲದ ಬೋಗುಣಿಯಲ್ಲಿ ತೇಲಿಸಿ, ಮುಳುಗುವ ತನಕ ಕಲ್ಲು ತುಂಬಿ. ಯಾವ ಕಡೆಯಿಂದ ನೀರು ನುಗ್ಗಿತು, ನೋಡಿ. ಕಡ್ಡಿ ಕತ್ತರಿಸಲು ನೇಲ್ ಕಟರ್ ಸಾಕು, ಮಕ್ಕಳ ಕೈಗೆ ಕತ್ತಿ ಕೊಡಬೇಡಿ. ನಮಸ್ಕಾರ.