ಅಪ್ಪೆಮಿಡಿಯ ಸೊನೆ ಮತ್ತು ಕಂದು ಬಾಟಲಿ

ಉಪ್ಪಿನಕಾಯಿಗೆ ಹಾಕುವ ಎಳೆಮಾವಾದ ಅಪ್ಪೆಮಿಡಿಯ ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯನ್ನು ನಮ್ಮ ಶಿರಸಿ ಸೀಮೆಯಲ್ಲಿ ಮಿಡಿ ಕೊಳ್ಳುವವರು ಮೊದಲು ಮೂಸಿ ನೋಡುತ್ತಾರೆ. ಜೀರಿಗೆಯ ಪರಿಮಳ ಬಂದರೆ ಚೌಕಾಶಿ ಶುರುವಾಗುತ್ತದೆ, ಕರ್ಪೂರದ್ದಾದರೆ ಇನ್ನೊಮ್ಮೆ ಮೂಸುತ್ತಾರೆ, ಏನೂ ಬಾರದಿದ್ದರೆ ಪಕ್ಕದ ಬುಟ್ಟಿಗೆ ಹೋಗುತ್ತಾರೆ. ಆ ಸೊನೆಯ ಎಣ್ಣೆಯಂಶದಲ್ಲಿ ಮಿರ್ಸೀನ್, ಓಸಿಮೀನ್, ಲಿಮೊನೀನ್‌ನಂಥ, ಟರ್ಪೀನ್ ಎಂಬ ಕುಲದ ಪರಿಮಳದ ರಾಸಾಯನಿಕಗಳಿವೆ. ಅಂಗಡಿಯಲ್ಲಿ ‘ಎಸೆನ್ಶಿಯಲ್ ಆಯಿಲ್’ ಎಂಬ ಹೆಸರಿನಿಂದ ಪುಟ್ಟ ಕಂದು ಬಾಟಲಿಗಳಲ್ಲಿ ಮಾರಾಟವಾಗುವ ಸುಗಂಧ ತೈಲಗಳಲ್ಲಿರುವುದೂ ಬಹುಪಾಲು ಇದೇ ಕುಲದ ವಸ್ತುಗಳು. ಅದೇ ಸೊನೆ ತುಟಿಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ ಎಂಬುದು ಮಾವಿನ ಮರ ಹತ್ತಿ ಬೆಳೆದವರಿಗೆಲ್ಲ ಗೊತ್ತು.

ಇಷ್ಟು ತಿಳಿದ ನಾವು, ಬಾಟಲಿಯ ಮೇಲೆ ‘ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂದು ಬರೆದದ್ದನ್ನು ಕಂಡ ಕೂಡಲೇ ಏಕೆ ನಂಬಿಬಿಡುತ್ತೇವೆ ಎಂಬುದೇ ನನ್ನ ತಕರಾರು. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್, ನಿಂಬೆ ಸಿಪ್ಪೆಯಲ್ಲಿರುವ ಲಿಮೊನೀನ್ ಇವೆರಡೂ ಗಾಳಿಗೆ ತೆರೆದುಕೊಂಡು ಆಮ್ಲಜನಕದೊಡನೆ ಸೇರಿ ಉತ್ಕರ್ಷಣಗೊಂಡಾಗ ಚರ್ಮಕ್ಕೆ ಅಲರ್ಜಿ ತರಬಲ್ಲ ವಸ್ತುಗಳಾಗಿ ಬದಲಾಗುತ್ತವೆ. ಆದ್ದರಿಂದ ವರ್ಷಗಟ್ಟಲೆ ಅರೆತೆರೆದು ಕಪಾಟಿನಲ್ಲಿಟ್ಟ ತೈಲವನ್ನು ಮೈಗೆ ಹಚ್ಚುವುದು ಜಾಣತನವಲ್ಲ. ಕರ್ಪೂರ ಅಥವಾ ನೀಲಗಿರಿ ಎಣ್ಣೆಯನ್ನು ಎಳೆಯ ಮಗು ಸ್ವಲ್ಪವೇ ನುಂಗಿದರೂ ಫಿಟ್ಸ್ ಬರಬಹುದು.

ಹಿಂದಿನ ಮಾರಿಕಾಂಬಾ ಜಾತ್ರೆಯಲ್ಲಿ ನಾನೂ ಮೋಸ ಹೋದವನೇ. ಒಂದು ಮಳಿಗೆಯಲ್ಲಿ ‘ಹಬೆಯಲ್ಲಿ ಭಟ್ಟಿಯಿಳಿಸಿದ ಶುದ್ಧ ಮಲ್ಲಿಗೆ ತೈಲ’ವನ್ನು ನೂರೈವತ್ತು ರೂಪಾಯಿಗೆ ಕೊಂಡೆ. ಮಲ್ಲಿಗೆಯ ನಾಜೂಕಾದ ಪರಿಮಳ ಹಬೆಯ ಬಿಸಿಯನ್ನು ತಾಳುವುದಿಲ್ಲ. ಅದನ್ನು ಸಾಮಾನ್ಯವಾಗಿ ಹೆಕ್ಸೇನ್‌ನಂಥ ದ್ರಾವಕದಿಂದ ತೆಗೆಯುತ್ತಾರೆ, ಅದಕ್ಕೆ ರಾಶಿಗಟ್ಟಲೆ ಹೂವು ಬೇಕು. ಭಟ್ಕಳದ ಮಲ್ಲಿಗೆಯ ದರ ಕೇಳಿದವರು ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು. ಮನೆಗೆ ಬಂದು ಮೂಸಿದರೆ ಅದು ತೀರಾ ಸಿಹಿಯಾಗಿತ್ತು. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಎಂಬ, ಸಾಂದ್ರವಾದಾಗ ಮಲದ ವಾಸನೆಯನ್ನೇ ನೆನಪಿಸುವ ವಸ್ತುವೂ ಒಂದಿಷ್ಟು ಇರುತ್ತದೆ; ಮುಡಿದ ದಂಡೆ ರಾತ್ರಿ ಕಳೆಯುವಷ್ಟರಲ್ಲಿ ಬೀರುವ ಆ ಭಾರವಾದ ಗಂಧ ಬಾಟಲಿಯಲ್ಲಿ ಎಲ್ಲೂ ಇರಲಿಲ್ಲ.

ಸುಗಂಧ ತೈಲಗಳ ಚಿಕಿತ್ಸೆಗೆ ‘ಅರೋಮಾಥೆರಪಿ’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿನ ರಸಾಯನತಜ್ಞ ರೆನೆ ಮಾರಿಸ್ ಗಾಟ್‌ಫೋಸೆ. 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟುಕೊಂಡ ಗಾಯಕ್ಕೆ ಆತ ಲ್ಯಾವೆಂಡರ್ ತೈಲ ಬಳಸಿದ, 1937ರಲ್ಲಿ ಈ ವಿಷಯದ ಪುಸ್ತಕ ಪ್ರಕಟಿಸಿದ. ತಮಾಷೆಯೆಂದರೆ ಈ ಮೂಲಕಥೆಯಲ್ಲಿ ಮೂಗಿಗೆ ಕೆಲಸವೇ ಇಲ್ಲ, ತೈಲ ಬಿದ್ದದ್ದು ಗಾಯದ ಮೇಲೆ.

ಮೂಗಿನ ಕಥೆ ಬೇರೆಯೇ ಇದೆ. ಮೂಗಿನೊಳಗೆ ವಾಸನೆಯನ್ನು ಹಿಡಿಯುವ ಗ್ರಾಹಕಗಳ (ರಿಸೆಪ್ಟರ್) ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು, 2004ರಲ್ಲಿ ನೊಬೆಲ್ ಪಡೆದರು. ಮನುಷ್ಯರಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆಯವು; ಒಂದೊಂದು ಪರಿಮಳವೂ ಇವುಗಳಲ್ಲಿ ಕೆಲವನ್ನು ಒಟ್ಟಿಗೆ ಮೀಟುತ್ತದೆ. ಕಣ್ಣು ಕಿವಿಗಳ ಸಂಕೇತಗಳು ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗದ ಬಾಗಿಲು ದಾಟಿ ಮಿದುಳಿನ ತೊಗಟೆಗೆ ಹೋದರೆ, ವಾಸನೆಯ ಸಂಕೇತವು ಆ ಬಾಗಿಲಿಗೆ ಕಾಯದೆ ಭಾವನೆಯ ಕೇಂದ್ರವಾದ ಅಮಿಗ್ಡಲವನ್ನು ನೇರವಾಗಿ ತಲುಪುತ್ತದೆ. ಹಾಗಾಗಿ ಪರಿಮಳದಿಂದ ಮನಸ್ಸು ತಿಳಿಯಾಗುತ್ತದೆ ಎನ್ನುವವರನ್ನು ನಾನು ಗೇಲಿ ಮಾಡಲಾರೆ. ಆದರೆ ಆ ನೆಮ್ಮದಿ ಲ್ಯಾವೆಂಡರ್‌ನಲ್ಲೇ ಇದೆಯೆಂದು ಒಪ್ಪಲಾರೆ. ಅಡಿಕೆ ಬೇಯುವ ಹಂಡೆಯ ಒಗರು ಆವಿ ನನ್ನನ್ನು ಸಮಾಧಾನಗೊಳಿಸುವಷ್ಟು ಇನ್ನಾವ ತೈಲವೂ ಸಮಾಧಾನಗೊಳಿಸಿಲ್ಲ. ನನ್ನ ಬೆಂಗಳೂರಿನ ಗೆಳೆಯನಿಗೆ ಅದೇ ಆವಿಯಿಂದ ತಲೆನೋವು ಬಂತು.

ಈ ತೈಲಗಳಿಗೆ ‘ಥೆರಪಿ’ ಎಂಬ ಮಾತು ನಿಜಕ್ಕೂ ಒಪ್ಪುವ ಜಾಗವೊಂದಿದೆ, ಆದರೆ ಜಾಹೀರಾತುಗಳಲ್ಲಿ ಅದರ ಸುದ್ದಿಯಿಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು, ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡವರಿಗೆ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ ಹನ್ನೆರಡು ವಾರ ಮೂಸಲು ಹೇಳಿದರು. ಮೂಸಿದವರಲ್ಲಿ ಒಟ್ಟಾರೆಯಾಗಿ ಸುಧಾರಣೆ ಕಂಡಿತು. 2009ರಲ್ಲಿ ಪ್ರಕಟವಾದ ಈ ಕ್ರಮವೇ ಕೋವಿಡ್ ಬಂದ ಮೇಲೆ ಲೋಕಕ್ಕೆಲ್ಲ ಪರಿಚಿತವಾಯಿತು.

ನಮ್ಮ ಮನೆಗೂ ಅದು ಹಾಗೆಯೇ ಬಂತು. 2021ರ ಮೇ ತಿಂಗಳಲ್ಲಿ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಕೋವಿಡ್ ಆಗಿ, ಮಳೆಗಾಲದಲ್ಲಿ ಉಪ್ಪಿನ ಮಿಡಿಯ ಭರಣಿ ಬಿಚ್ಚಿದಾಗ ಅವಳು ಬಗ್ಗಿ ಮೂಸಿ, “ತಮಾ, ಎಂತ ಪರಿಮಳವೂ ಬತ್ತಿಲ್ಲೆ” ಎಂದಳು. ಮಿಡಿ ಕೆಟ್ಟಿದೆಯೆಂದೇ ಅವಳು ತಿಳಿದಿದ್ದಳು. ನನ್ನ ಮೂಗಿಗೆ ಇಡೀ ಅಡಿಗೆಮನೆ ಘಮಘಮಿಸುತ್ತಿತ್ತು. ಅಂದಿನಿಂದ ನಾಲ್ಕು ಸಣ್ಣ ಶೀಶೆಗಳು ದೇವರ ಗೂಡಿನ ಪಕ್ಕ ಕುಳಿತವು, ಬೆಳಿಗ್ಗೆ ಸಂಜೆ ಒಂದೊಂದನ್ನೂ ಅವಳು ಕಣ್ಣು ಮುಚ್ಚಿ ಮೂಸಿದಳು. ಎರಡು ತಿಂಗಳ ಮೇಲೆ ಲವಂಗ ಬಂತು, ಆಮೇಲೆ ನಿಂಬೆ. ಗುಲಾಬಿ ಇನ್ನೂ ಬಂದಿಲ್ಲ. ಮರುವರ್ಷ ಪೇಟೆಯಲ್ಲಿ ಬುಟ್ಟಿಯ ಮುಂದೆ ಕುಳಿತು ಮಿಡಿಯ ತೊಟ್ಟು ಮುರಿದವಳು ಕರ್ಪೂರವೆಂದು ತಾನೇ ಹೇಳಿದಳು, ಜೀರಿಗೆಯ ಮಿಡಿ ಹುಡುಕುವಾಗ ಮಾತ್ರ ಒಂದೊಂದನ್ನೂ ನನ್ನ ಮೂಗಿನ ಹತ್ತಿರ ಹಿಡಿದಳು.