ಕುರ್ವೆಯ ಬಾವಿ, ಬೇಸಗೆಯ ನೆಂಟರು

ನಮಸ್ಕಾರ. ಬೇಸಗೆ ರಜೆ ಹತ್ತಿರ ಬಂತು. ಬೆಂಗಳೂರು, ಮುಂಬೈ, ಹುಬ್ಬಳ್ಳಿ ಕಡೆಯಿಂದ ನೆಂಟರ ಫೋನು ಶುರುವಾಗುವ ಹೊತ್ತು. ನಾನು ಇರುವುದು ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಒಂದು ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ. ಸುತ್ತ ಹೊಳೆ, ನಡುವೆ ತೆಂಗಿನ ತೋಟ, ಒಂದಷ್ಟು ಮನೆ, ಆಚೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ. ದಡ ಮುಟ್ಟಬೇಕೆಂದರೆ ದೋಣಿಯೇ ಗತಿ. ಇಂಥ ಜಾಗಕ್ಕೆ ಬಂದ ನಮ್ಮವರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಬಗ್ಗೆ ಇವತ್ತು ಸ್ವಲ್ಪ ಖಡಕ್ಕಾಗಿ ಮಾತಾಡುತ್ತೇನೆ.

ನೆಂಟರು ಬಂದರು ಅಂತ ಮನೆಯ ರೀತಿ ಬದಲಾಗಬಾರದು. ಮನೆ ದಿನಾ ಹೇಗೆ ನಡೆಯುತ್ತದೋ ಹಾಗೇ ನಡೆಯಲಿ. ಬಂದವರು ಅದರೊಳಗೆ ಸೇರಿಕೊಳ್ಳಲಿ.

ಇದು ಒರಟು ಮಾತು ಅನಿಸಬಹುದು. ಆದರೆ ಈಗ ನಮ್ಮ ಕಡೆ ನಡೆಯುತ್ತಿರುವುದನ್ನು ನೋಡಿ. ಪೇಟೆಯವರಿಗೆ ತ್ರಾಸ ಆಗಬಾರದು ಅಂತ ಮೇಲೊಂದು ಟ್ಯಾಂಕ್ ಇಡುತ್ತೇವೆ. ಬಾವಿಗೆ ಪಂಪು, ಬಚ್ಚಲಿಗೆ ಶವರ್. ದೋಣಿಯಲ್ಲಿ ಮಿನರಲ್ ನೀರಿನ ಬಾಕ್ಸು. ಮನೆಯಲ್ಲಿ ಯಾರೂ ತಿನ್ನದ ಬಿಸ್ಕತ್ತು, ಚಿಪ್ಸು. ಎಲ್ಲ ಪ್ರೀತಿಯಿಂದಲೇ ಮಾಡುವುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರೀತಿಯ ಖರ್ಚು ಬೀಳುವುದು ಬಾವಿಯ ಮೇಲೆ, ಆಮೇಲೆ ಅಡುಗೆಮನೆಯಲ್ಲಿ ನಿಂತ ಹೆಂಗಸರ ಮೇಲೆ.

ಮೊದಲು ಬಾವಿಯ ವಿಷಯ. ಕುರ್ವೆಯ ಬಾವಿ ಘಟ್ಟದ ಮೇಲಿನ ಬಾವಿಯಂತಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ನೀರು ಮಣ್ಣಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ನಿಲ್ಲುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದೇ ಕಾರಣ. ಅಂತರ್ಜಲ ಓದಿದವರು ಇದಕ್ಕೊಂದು ಲೆಕ್ಕ ಹೇಳುತ್ತಾರೆ. ಸಿಹಿನೀರು ಕಡಲ ಮಟ್ಟಕ್ಕಿಂತ 1 ಅಡಿ ಮೇಲೆ ನಿಂತಿದ್ದರೆ, ಆ ಮಟ್ಟದಿಂದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದಂತೆ. ಕೇಳಿದರೆ ಧೈರ್ಯ ಬರುತ್ತದೆ, ಅಲ್ವಾ? ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಮೇಲೆ 1 ಅಡಿ ಇಳಿದು ಹಾಗೇ ನಿಂತರೆ, ಕೆಳಗಿನ ಉಪ್ಪು 40 ಅಡಿ ಮೇಲೆ ಬರಲು ದಾರಿ ಸಿಕ್ಕಿತು ಅಂತಲೇ ಅರ್ಥ.

ಕೊಡಪಾನದಲ್ಲಿ ಸೇದಿದರೆ ಬಾವಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಒಂದು ಕೊಡ ಎತ್ತಿ, ಸೊಂಟಕ್ಕಿಟ್ಟು, ಹಂಡೆಗೆ ಸುರಿದು ಬರುವಷ್ಟರಲ್ಲಿ ಬದಿಯಿಂದ ನೀರು ಒಸರಿ ಸೇರುತ್ತದೆ. ಪಂಪು ಒಂದೇ ಸಮನೆ ಎಳೆಯುತ್ತದೆ. ಅದೂ ಯಾವಾಗ? ಏಪ್ರಿಲ್, ಮೇ ತಿಂಗಳಲ್ಲಿ, ಬಾವಿ ತಳ ಕಾಣುವ ಹೊತ್ತಿಗೆ. ಬಕೆಟ್ಟಿನ ಸ್ನಾನಕ್ಕೆ 15ರಿಂದ 20 ಲೀಟರ್ ಸಾಕು. ಶವರ್ 10 ನಿಮಿಷ ಬಿಟ್ಟರೆ ಅದರ ನಾಲ್ಕೈದು ಪಟ್ಟು ಹೋಗುತ್ತದೆ. ಮನೆ ತುಂಬ ಜನ, ಸೆಕೆಗೆ ದಿನಕ್ಕೆರಡು ಸ್ನಾನ. ಹೀಗೇ ಒಂದು ವಾರ ನಡೆದರೆ ಚಹಾದ ರುಚಿಯೇ ಹೇಳುತ್ತದೆ. ಎಷ್ಟು ಸಕ್ಕರೆ ಹಾಕಿದರೂ ಕೊನೆಯ ಗುಟುಕಿಗೆ ನಾಲಗೆಯ ಬದಿಯಲ್ಲಿ ಉಪ್ಪು ಹತ್ತುತ್ತದೆ. ನೆಂಟರು ಊರಿಗೆ ಹೋಗಿರುತ್ತಾರೆ. ಆ ಚಹಾ ಮಳೆ ಬರುವ ತನಕ ನಮ್ಮದು.

ಹಾಗಂತ ಉಪ್ಪನ್ನು ಬೈಯಲು ನನಗೆ ಮನಸ್ಸಿಲ್ಲ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕಡಲಿಗೆ ಬರುವ ಹೊಳೆ. ಬೇಸಗೆಯಲ್ಲಿ ಅದರ ಹರಿವು ಸಣ್ಣದಾಗುತ್ತದೆ, ಭರತದ (ಉಬ್ಬರದ) ಜೊತೆ ಉಪ್ಪುನೀರು ಒಳಗೆ ಬರುತ್ತದೆ. ಬಾವಿಗೆ ಅದು ತ್ರಾಸ. ಆದರೆ ಬಳಚು, ಅಂದರೆ ನಾವು ತಿನ್ನುವ ಚಿಪ್ಪುಮೀನು, ಬೆಳೆಯುವುದು ಆ ಉಪ್ಪಿಗೇ. ಪಕ್ಕದ ಶರಾವತಿ ಅಳಿವೆಯಲ್ಲಿ ಅಣೆಕಟ್ಟಿನಲ್ಲಿ ಕರೆಂಟು ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಬಂದು, ಉಪ್ಪು ಕಡಿಮೆಯಾಗಿ, ಬಳಚೂ ಕಡಿಮೆಯಾಯಿತು. ನಮ್ಮಲ್ಲಿ ಇನ್ನೂ ಇದೆ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬುಟ್ಟಿ ಹಿಡಿದು ಹೆಕ್ಕುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನನಗೆ ಅದು ಹೆಮ್ಮೆಯ ವಿಷಯ. ಅಂಥ ನೀರಿನ ನಡುವೆ ಕೂತು ನಾವು ಖಾಲಿ ಬಾಟಲಿಯ ರಾಶಿ ಹಾಕಬೇಕಾ? ಬಾಕ್ಸು ದೋಣಿ ಹತ್ತಿ ಬರುತ್ತದೆ, ಬಾಟಲಿ ದೋಣಿ ಹತ್ತಿ ಹೋಗುವುದಿಲ್ಲ. ತೆಂಗಿನ ಬುಡದಲ್ಲಿ ಸುಡುತ್ತೇವೆ, ಇಲ್ಲಾ ಹೊಳೆಗೆ ಬೀಳುತ್ತದೆ.

ಇದಕ್ಕೆ ನಮ್ಮ ಆಯಿ ಒಪ್ಪುವುದಿಲ್ಲ. "ಬಂದವರ ಎದುರು ನೀರಿನ ಲೆಕ್ಕ ಮಾತಾಡೂಕಾಗ, ಮರ್ಯಾದಿ ಅಲ್ಲ," ಅನ್ನುತ್ತಾರೆ. ಆ ಮಾತನ್ನು ನಾನು ಹಗುರ ಮಾಡುವುದಿಲ್ಲ. ಅವರ ಕಾಲದಲ್ಲಿ ಮನೆಯಲ್ಲಿ ಗಂಜಿ ಮಾತ್ರ ಇದ್ದಾಗಲೂ ಬಂದವರಿಗೆ ಅನ್ನ ಬಸಿದು ಹಾಕಿದವರು. ಇಲ್ಲ ಅನ್ನುವುದು ಅವರಿಗೆ ನಾಚಿಕೆ. ಆದರೆ ಅದೇ ಆಯಿ ಬಂದವರ ಕೈಗೆ ಮೊದಲು ಕೊಡುತ್ತಿದ್ದುದು ಏನು? ಕಾಲಿಗೆ ಒಂದು ತಂಬಿಗೆ ನೀರು, ಆಸರಿಗೆ ಬೆಲ್ಲ ಮತ್ತು ನೀರು, ಇಲ್ಲವೇ ಮುರುಗಲು ಶರಬತ್ತು. ಅದರಲ್ಲಿ ಯಾವುದೂ ಪೇಟೆಯಿಂದ ತಂದದ್ದಲ್ಲ. ಅದನ್ನು ಕುಡಿದವರು ಯಾರೂ ಕಡಿಮೆಯಾಯಿತು ಅಂದದ್ದೂ ಇಲ್ಲ.

ಊಟದ ಮಾತು ಬಂದರೆ ನನಗೆ ಇನ್ನೂ ಧೈರ್ಯ. ಗಜನಿಯ ಕಗ್ಗ ಭತ್ತ ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುವ ಪೈರು. ಗೊಬ್ಬರ, ಔಷಧಿ ಏನೂ ಕೇಳುವುದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಸೀಗಡಿಗೆ, ಮೀನಿಗೆ ಆಹಾರವಾಗುತ್ತದೆ. ಆ ಕೆಂಪಕ್ಕಿಯ ಗಂಜಿ, ತೆಂಗಿನಕಾಯಿ ಹಾಕಿದ ಬಳಚಿನ ಸುಕ್ಕ, ಅಪ್ಪೆಮಿಡಿ ಉಪ್ಪಿನಕಾಯಿ. ಇದನ್ನು ಬಡವರ ಊಟ ಅಂತ ಮುಚ್ಚಿಟ್ಟು, ಕುಮಟೆಯಿಂದ ಐಸಿನಲ್ಲಿ ಬಂದ ಕೋಳಿ ತರಿಸುವುದು ನನಗೆ ಸಂಕಟವಾಗುತ್ತದೆ. ಜೂನ್ ತಿಂಗಳಲ್ಲಿ ಬಂದು ಇಸ್ವಾಣ ಮೀನು ಬೇಕು ಅನ್ನುವವರಿಗೂ ನೇರವಾಗಿ ಹೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಒಣಮೀನಿನ ಚಟ್ನಿ ತಿನ್ನುವ ಕಾಲ. ಹೊರಗೆ ಮಳೆ ಹೊಡೆಯುವಾಗ ಅದಕ್ಕಿಂತ ರುಚಿ ಬೇರೆ ಬೇಕಾ?

ಮಲಗುವುದಕ್ಕೆ ಮೂಡಣ ಜಗಲಿ. ರಾತ್ರಿಯಾದ ಮೇಲೆ ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ, ಕರೆಂಟು ಹೋದರೂ ನಿದ್ದೆ ಬರುತ್ತದೆ. ಗೋಕರ್ಣ ನೋಡಬೇಕು ಅನ್ನುವವರು ತದಡಿಯ ಕಡೆ ದಾಟಿ ಸುಮ್ನೆ ಒಂದು ದಿನ ಹೋಗಿ ಬರಲಿ. ಪುರುಸೊತ್ತು ಇದ್ದವರು ಅಕ್ಟೋಬರ್, ನವೆಂಬರಿನಲ್ಲಿ ಬಂದರೆ ಇನ್ನೂ ಚಂದ. ಬಾವಿ ತುಂಬಿರುತ್ತದೆ, ನಾವೂ ಧಾರಾಳವಾಗಿ ಇರುತ್ತೇವೆ.

ತವರಿಗೆ ಬರುವ ಹೆಣ್ಣುಮಕ್ಕಳ ವಿಷಯ ಮಾತ್ರ ಬೇರೆ. ವರ್ಷವಿಡೀ ಅಲ್ಲಿ ದುಡಿದು ಬಂದವಳಿಗೆ ಇಲ್ಲೂ ಹಗ್ಗ ಕೊಟ್ಟು ಬಾವಿಕಟ್ಟೆಗೆ ಕಳಿಸಬೇಕಾ? ಬೇಡ. ಅವಳು ಕೂತುಕೊಳ್ಳಲಿ, ಮಲಗಲಿ, ಆಯಿಯ ಹತ್ತಿರ ತಲೆಗೆ ಎಣ್ಣೆ ಹಾಕಿಸಿಕೊಳ್ಳಲಿ. ಮನೆಯ ರೀತಿಗೆ ಸೇರಿಕೊಳ್ಳಿ ಅಂತ ನಾನು ಹೇಳುವುದು ಮೊದಲು ಗಂಡಸರಿಗೆ, ಆಮೇಲೆ ದೊಡ್ಡ ಮಕ್ಕಳಿಗೆ. ಜಗಲಿಯಲ್ಲಿ ಪೇಪರ್ ಹಿಡಿದು ಮೂರನೇ ಚಹಾಕ್ಕೆ ಕಾಯುವ ನೆಂಟಸ್ತಿಕೆ ದಡದ ಮನೆಗಳಲ್ಲೂ ಸಾಕು, ಕುರ್ವೆಗಂತೂ ಆಗಿಬರುವುದಿಲ್ಲ.

ಹಾಗಾಗಿ ಮೊನ್ನೆ ಅಕ್ಕ ಫೋನು ಮಾಡಿ, "ಬರುವಾಗ ಎಂತ ತರಲಿ?" ಅಂದಾಗ ಹೇಳಿದೆ. ನೀರಿನ ಬಾಕ್ಸು ಬೇಡ, ಕುಡಿಯುವ ನೀರು ಕಾಯಿಸಿ ಆರಿಸಿ ಇಡುತ್ತೇವೆ. ಇಳಿತದ ಹೊತ್ತಿಗೆ ಬರಬೇಡಿ, ಕೆಸರಿನಲ್ಲಿ ಸಾಮಾನು ಹೊರುವುದು ಕಷ್ಟ. ಶವರ್ ಈ ಸಲ ಇಲ್ಲ, ಬಚ್ಚಲ ನೀರು ಬಸಳೆ ಚಪ್ಪರಕ್ಕೆ ಹೋಗುತ್ತದೆ. ಆಮೇಲೆ ಫೋನು ಭಾವನ ಕೈಗೆ ಕೊಡು ಅಂದೆ. "ಭಾವ, ಬೆಳಗಿನ ಹಂಡೆ ತುಂಬಿಸುವ ಕೆಲಸ ನಿಮ್ಮದು," ಅಂದೆ. ಭಾವ ಒಪ್ಪಿದ್ದಾರೆ. ಹಗ್ಗ ಹಳೆಯದಾಗಿದೆಯಾ, ಹೊಸದು ತರಲಾ ಅಂತ ಅವರೇ ಕೇಳಿದರು. ತನ್ನಿ ಅಂದೆ.